ಮಾವನ ದೋಣಿ ಮಷೀನು, ಊರತುಂಬ ಕಳ್ಳರು

ನಮ್ಮ ಸೋದರಮಾವನ ಮನೆಯಲ್ಲಿ ದೇವರ ಮುಂದಿನ ದೀಪ ಆರಿದರೆ ಅದಕ್ಕೆ ಗಾಳಿಯೇ ಕಾರಣ ಎಂದು ಯಾರೂ ಹೇಳುವಂತಿಲ್ಲ. ಕಿಟಕಿ ತೆರೆದವರು ಯಾರು, ಯಾಕೆ ತೆರೆದರು, ಅದೇ ಹೊತ್ತಿಗೇ ಯಾಕೆ ತೆರೆದರು ಎಂಬುದರ ವಿಚಾರಣೆ ಮೊದಲು ನಡೆಯಬೇಕು!

ಇದು ಸ್ವಲ್ಪ ಅತಿಯಾಯಿತು ಎಂದು ನಿಮಗೆ ಅನಿಸಿತೆ? ಹಾಗಾದರೆ ನನ್ನ ಮಾತಿನ ಮೇಲೆ ನಿಮಗೂ ಸಂಶಯ ಬಂತು. ನೋಡಿ, ಈ ಜಾಡ್ಯ ಹರಡುವುದೇ ಹೀಗೆ.

ನನ್ನನ್ನು ನೋಡಲು ಸಿಂದಗಿಯಿಂದ ಗಂಡಿನ ಕಡೆಯವರು ಬಂದ ದಿನ ನಡೆದದ್ದನ್ನೇ ಕೇಳಿ. ಹುಡುಗ ಗಣಿತದ ಮಾಸ್ತರ ಎಂದು ಗೊತ್ತಾದ ಕೂಡಲೇ ಮಾವ, "ಹಂಗಾರ ಹತ್ತೊಂಬತ್ತರ ಮಗ್ಗಿ ಹೇಳ್ರಿ ನೋಡೂಣು" ಎಂದ. ಹುಡುಗ ಒಂದು ಕಡೆಯೂ ತಡವರಿಸದೆ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೇಳಿ ಮುಗಿಸಿದ. ಎಲ್ಲರೂ ತಲೆದೂಗಿದರು. ಮಾವ ಮಾತ್ರ ನನ್ನ ಅವ್ವನನ್ನು ಒಳಗೆ ಕರೆದು, "ಅಕ್ಕಾ, ಹುಡುಗನ ಮ್ಯಾಲೆ ನನಗ ಸಂಶೇ ಐತಿ. ಇಷ್ಟು ಸರಳ ಹೇಳ್ತಾನಂದ್ರ ಮೊದಲ ಬಾಯಿಪಾಠ ಮಾಡ್ಕೊಂಡು ಬಂದಾನ!" ಎಂದ. ಮಗ್ಗಿಯನ್ನು ಬಾಯಿಪಾಠ ಮಾಡದೆ ಮತ್ತೇನು ಮಾಡುತ್ತಾರೆ ಎಂದು ಅವ್ವ ಕೇಳಿದ್ದಕ್ಕೆ, "ನೀ ಅವರ ಕಡೆ ಮಾತಾಡಾಕತ್ತಿ" ಎಂದು ಅವಳ ಮೇಲೂ ಒಂದು ಕಣ್ಣಿಟ್ಟ.

ಮಾವನ ದೊಡ್ಡ ಆಯುಧ ಉಗುರುಬಣ್ಣ. ಅವನ ಮಗಳು ಗಂಡನ ಮನೆಗೆ ಹೋಗುವಾಗ ಕನ್ನಡಿಯ ಹತ್ತಿರ ಮರೆತುಹೋದ ಗುಲಾಬಿ ಬಣ್ಣದ ಶೀಸೆ ಅದು. ಮನೆಯಲ್ಲಿ ಯಾವ ವಸ್ತು ಯಾವ ಮಟ್ಟದಲ್ಲಿದೆ, ಯಾವ ಮುಚ್ಚಳ ಎಲ್ಲಿಗೆ ತಿರುಗಿದೆ ಎಂಬುದಕ್ಕೆಲ್ಲ ಒಂದೊಂದು ಗುಲಾಬಿ ಗೀಟು. ಎಣ್ಣೆಯ ಡಬ್ಬಿಗೆ, ಉಪ್ಪಿನಕಾಯಿಯ ಭರಣಿಗೆ, ಪಂಪ್‌ಸೆಟ್ಟಿನ ನಟ್ಟುಬೋಲ್ಟಿಗೆ, ಕೊನೆಗೆ ಎಮ್ಮೆಯ ಕೊಂಬಿಗೂ! ಒಂದು ದಿನ ಅತ್ತೆ ಹಾಲು ಕಾಯಿಸುತ್ತಿದ್ದಾಗ ಪಾತ್ರೆಗೆ ಗೀಟು ಎಳೆದು ಹೊರಗೆ ಹೋದ. ತಿರುಗಿ ಬಂದು ನೋಡಿದರೆ ಹಾಲು ಗೀಟಿನಿಂದ ಮೂರು ಬೆರಳು ಕೆಳಗೆ! ಬೆಕ್ಕು, ಪಕ್ಕದ ಮನೆಯವಳು, ಮೀಟರು ಓದಲು ಬಂದವನು, ಎಲ್ಲರ ವಿಚಾರಣೆ ಮುಗಿದ ಮೇಲೆ ಅತ್ತೆ ತಣ್ಣಗೆ ಹೇಳಿದಳು: "ನೀವು ಗೀಟ ಹೊಡದಾಗ ಹಾಲು ಉಕ್ಕಾಕತ್ತಿತ್ರಿ. ಒಲಿ ಆರಿಸಿದ ಮ್ಯಾಲೆ ಇಳೀಲಾರದ ಅಲ್ಲೇ ನಿಂದರತೈತೇನು?"

ಇಂಥ ಮನುಷ್ಯ ದೋಣಿ ಇಟ್ಟುಕೊಂಡಿದ್ದಾನೆ ಎಂದರೆ ನೀವು ನಂಬಬೇಕು. ಯಾಕೆಂದರೆ ಬೇರೆ ದಾರಿಯಿರಲಿಲ್ಲ. ಮಾವನ ಊರು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ, ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲೆ. ಅಣೆಕಟ್ಟೆಯ ನೀರು ನಿಂತಾಗ ಹಳೇ ಊರು ಒಳಗೆ ಹೋಯಿತು, ಹೊಸ ಊರು ದಿಬ್ಬ ಹತ್ತಿತು, ಮಾವನ ನಾಲ್ಕೆಕರೆ ತೊಗರಿ ಹೊಲ ಆಚೆ ದಂಡೆಯಲ್ಲಿ ಉಳಿಯಿತು. ಮುಂದೆ ಮಗಳನ್ನೂ ಆಚೆ ದಂಡೆಯ ಊರಿಗೇ ಕೊಟ್ಟ. ರಸ್ತೆಯಲ್ಲಿ ಸುತ್ತಿ ಹೋದರೆ ಅರ್ಧ ದಿನ, ನೀರಿನ ಮೇಲೆ ಹೋದರೆ ಒಂದು ಎಲೆ-ಅಡಿಕೆ ಜಗಿದು ಉಗುಳುವಷ್ಟು ಹೊತ್ತು. ಹಾಗಾಗಿ ಮೂರು ವರ್ಷದ ಹಿಂದೆ ಒಂದು ತಗಡಿನ ದೋಣಿಯನ್ನೂ ಅದರ ಹಿಂದೆ ನೇತುಹಾಕುವ ಒಂದು ಹಳೆಯ ಪೆಟ್ರೋಲ್ ಮಷೀನನ್ನೂ ಮೀನಿನ ವ್ಯಾಪಾರಿಯೊಬ್ಬನಿಂದ ಕೊಂಡ.

ಕೊಳ್ಳುವಾಗ ಜೊತೆಗಿದ್ದವನು ಲಾಲಸಾಬ ಮಿಸ್ತ್ರಿ. ಅವನು ಮಾವನ ಬಾಲ್ಯದ ಗೆಳೆಯ, ಒಂದೇ ಸಾಲೆಯಲ್ಲಿ ಒಂದೇ ಗೋಣಿತಟ್ಟಿನ ಮೇಲೆ ಕುಳಿತು ಕಲಿತವನು. ಊರಿನ ಪಂಪ್‌ಸೆಟ್ಟು, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ ಯಾವುದು ಮುನಿದರೂ ಅವನೇ ಸಮಾಧಾನ ಮಾಡಬೇಕು. ವ್ಯಾಪಾರಿ ಹಗ್ಗ ಜಗ್ಗಿದ. ಒಂದೇ ಜಗ್ಗಿಗೆ ಮಷೀನು ಚಾಲೂ ಆಯಿತು. ಮಿಸ್ತ್ರಿಗೆ ಸಂತೋಷವಾಯಿತು, ಮಾವನಿಗೆ ಸಂಶಯವಾಯಿತು.

"ಮೊದಲ ಚಾಲೂ ಮಾಡಿ ಬಿಸಿ ಇಟ್ಟಾನ" ಎಂದ ಕಿವಿಯಲ್ಲಿ.

"ಚಾಲೂ ಮಾಡೂಕಿಂತ ಮೊದಲ ನೀನ ಮುಟ್ಟಿ ನೋಡಿದೆಲ್ಲೋ? ತಣ್ಣಗಿತ್ತಲ್ಲ."

"ಅದ ಮತ್ತ! ನೀರ ಹೊಡದು ಆರಿಸಿ ಇಟ್ಟಾನ!"

ಅಷ್ಟೆಲ್ಲ ಅಂದರೂ ಕೊಂಡ. ಮೂರು ವರ್ಷ ಮಷೀನು ಯಾರ ಮೇಲೂ ದೂರು ಹೇಳದೆ ದುಡಿಯಿತು. ಮೂರು ವರ್ಷವೂ ಮಾವ, "ಇದು ಯಾಕ ಕೆಡವಲ್ದು?" ಎಂದು ಅದನ್ನು ಓರೆಗಣ್ಣಿನಿಂದಲೇ ನೋಡಿದ.

ಈ ವರ್ಷ ಕೆಟ್ಟಿತು. ಕೆಟ್ಟಿತು ಎಂದರೆ ನಿಲ್ಲಲಿಲ್ಲ. ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು. ತೊಗರಿಯ ಚೀಲ ಹೇರಿಕೊಂಡು ಬರುವಾಗ ನಡುನೀರಿನಲ್ಲಿ ಮಷೀನು ಇದ್ದಕ್ಕಿದ್ದಂತೆ ಗಂಟಲು ಹರಿಯುವಂತೆ ಒದರತೊಡಗಿತು, ಆದರೆ ದೋಣಿ ಮುಂದಕ್ಕೆ ಹೋಗಲಿಲ್ಲ. ಸದ್ದು ಜೋರು, ಓಟ ಇಲ್ಲ. ಮಾವ ಹುಟ್ಟು ಹಾಕಿಕೊಂಡು ದಂಡೆ ಸೇರಿದ. ಸೇರಿದವನೇ ತೀರ್ಪು ಕೊಟ್ಟ: "ಪೆಟ್ರೋಲಿನ್ಯಾಗ ನೀರ ಹಾಕ್ಯಾರ."

ನಾನು ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನನ್ನ ಪ್ರಯೋಗಶಾಲೆಯಲ್ಲಿ ಪೆಟ್ರೋಲನ್ನು ಪರೀಕ್ಷೆ ಮಾಡಿಸಬೇಕೆಂದು ಮಾವನ ತಲೆಗೆ ಬಂತು. ಒಂದು ಶರಬತ್ತಿನ ಬಾಟಲಿಗೆ ಪೆಟ್ರೋಲು ತುಂಬಿ, ಟವೆಲ್ಲಿನಲ್ಲಿ ಸುತ್ತಿ, ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ಬಾಗೇವಾಡಿಯಲ್ಲಿ ಬಸ್ಸು ಹತ್ತಿದ. ಬಸ್ಸಿನಲ್ಲಿ ಪೆಟ್ರೋಲು ಒಯ್ಯಬಾರದು ಎಂಬುದು ಅವನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೆ ಆ ನಿಯಮ ಮಾಡಿದವರು ಪೆಟ್ರೋಲ್ ಪಂಪಿನವರೇ ಇರಬೇಕೆಂದು ಅವನ ಗುಮಾನಿ!

ನಾಲ್ಕು ಮೈಲಿ ಹೋಗುವಷ್ಟರಲ್ಲಿ ಬಾಟಲಿಯ ಬಿರಡೆ ಜಿನುಗಿ ಬಸ್ಸಿನ ತುಂಬ ವಾಸನೆ. ಕಂಡಕ್ಟರು ಮೂಗು ಅರಳಿಸುತ್ತ ಬಂದ.

"ಪೆಟ್ರೋಲ್ ವಾಸನಿ ಎಲ್ಲಿಂದ ಬರಾಕತ್ತೈತ್ರಿ?"

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ನಮ್ಮ ಮಾವನೇ: "ನಿಮ್ಮ ಬಸ್ಸಿನ ಟಾಕಿ ಸೋರಾಕತ್ತೈತಿ! ಮೊದಲ ಗಾಡಿ ನಿಂದರಸ್ರಿ!"

ಬಸ್ಸು ನಿಂತಿತು. ಜನರೆಲ್ಲ ಇಳಿದರು. ಡ್ರೈವರು ಕೆಳಗೆ ಬಗ್ಗಿ ನೋಡಿ ಎದ್ದು ನಿಂತು, "ಯಜಮಾನ್ರ, ಇದು ಡಿಸೇಲ್ ಗಾಡಿ ಐತ್ರಿ" ಎಂದ.

ಮಾವ ಒಂದು ಕ್ಷಣವೂ ತಡಮಾಡಲಿಲ್ಲ. "ಹಂಗಾರ ಇದರಾಗ ಪೆಟ್ರೋಲ್ ಯಾರ ಹಾಕಿದ್ರು?"

ಮುಂದೆ ಏನಾಯಿತು ಎಂದು ಹೇಳಬೇಕೆ? ಬಸ್ಸು ಹೋಯಿತು, ಮಾವ ಉಳಿದ. ಯಾರದೋ ಮೋಟರ್‌ಸೈಕಲ್ಲಿನ ಹಿಂದೆ, ಆಮೇಲೆ ಆಟೋದಲ್ಲಿ, ಅಂತೂ ನಾನು ಹತ್ತನೇ ಇಯತ್ತೆಗೆ ಬೆಳಕಿನ ವಕ್ರೀಭವನ ಹೇಳಿಕೊಡುತ್ತಿದ್ದಾಗ ಬಾಗಿಲಲ್ಲಿ ಪ್ರತ್ಯಕ್ಷನಾದ. ಪೆಟ್ರೋಲನ್ನು ಗಾಜಿನ ಕೊಳವೆಗೆ ಸುರಿದು ಅರ್ಧ ತಾಸು ಇಟ್ಟೆ. ನೀರಿದ್ದರೆ ತಳಕ್ಕಿಳಿದು ಬೇರೆ ಪದರವಾಗಿ ಕಾಣಬೇಕು. ಏನೂ ಕಾಣಲಿಲ್ಲ.

"ಪೆಟ್ರೋಲ್ ಚೊಲೋ ಐತಿ ಮಾವಾ."

ಮಾವ ನನ್ನನ್ನೇ ದಿಟ್ಟಿಸಿದ. "ನಿನ್ನ ಗಂಡ ಗಾಡಿಗೆ ಯಾವ ಪಂಪಿನ್ಯಾಗ ಎಣ್ಣಿ ಹಾಕಸ್ತಾನ ಯವ್ವಾ?"

ಅಷ್ಟರಲ್ಲಿ ವಾಸನೆ ಹಿಡಿದು ನಮ್ಮ ಹೆಡ್‌ಮಾಸ್ತರರು ಓಡಿ ಬಂದರು. "ಲ್ಯಾಬಿನ್ಯಾಗ ಏನ್ ನಡದೈತ್ರಿ ಟೀಚರ್?" ಎಂದರು ಗಾಬರಿಯಿಂದ. ಮಾವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನ ಕಿವಿಯಲ್ಲಿ ಕೇಳಿದ: "ಇವ್ರು ಪಂಪಿನವ್ರ ಬೀಗರೇನು?"

ಅಂದು ಕಾರಣ ಕೇಳಿ ಬಂದ ನೋಟೀಸಿಗೆ ನಾನು ಬರೆದುಕೊಟ್ಟ ಉತ್ತರ ಇನ್ನೂ ಶಾಲೆಯ ಕಡತದಲ್ಲಿದೆ. ಅದನ್ನು ಬಿಡಿ.

ಮುಂದಿನ ರವಿವಾರ ನಾನೇ ಮಾವನ ಊರಿಗೆ ಹೋದೆ. ಮಿಸ್ತ್ರಿ ದಂಡೆಯ ಮೇಲೆ ಗೋಣಿ ಹಾಸಿ, ಮಷೀನಿನ ತಲೆ ಬಿಚ್ಚಿಕೊಂಡು ಕೂತಿದ್ದ. ಎರಡೂ ಪ್ಲಗ್ ಬಿಚ್ಚಿದ, ಥಿನ್ನರಿನಲ್ಲಿ ಅದ್ದಿದ, ತಂತಿಯ ಬ್ರಶ್ಶಿನಿಂದ ತಿಕ್ಕಿದ, ತಂತಿಗೆ ಸಿಕ್ಕಿಸಿ ಮಷೀನಿನ ಮೈಗೆ ಹಿಡಿದು ಹಗ್ಗ ಜಗ್ಗಿ ತೋರಿಸಿದ. ಎರಡರಲ್ಲೂ ಬೆಂಕಿಯ ಕಿಡಿ ನೀಲಿಯಾಗಿ ಹಾರಿತು.

"ಪ್ಲಗ್ಗಿಂದ ಏನೂ ದೋಷ ಇಲ್ಲೋ. ಬ್ಯಾರೆ ಕಡೆ ನೋಡ್ಬೇಕು" ಎಂದ.

ಮಾವ ಪ್ಲಗ್ಗನ್ನು ಕೈಗೆ ತೆಗೆದುಕೊಂಡು ಸುತ್ತ ತಿರುಗಿಸಿದ. ಒಮ್ಮೆ, ಎರಡು ಸಲ. ಮುಖ ಗಂಟಾಯಿತು.

"ನನ್ನ ಪ್ಲಗ್ ಎಲ್ಲಿ?"

"ಕೈಯಾಗ ಐತೆಲ್ಲ."

"ಇದು ನಂದಲ್ಲ. ನನ್ನ ಪ್ಲಗ್ಗಿಗೆ ಗುಲಾಬಿ ಗೀಟಿತ್ತು. ಇದಕ್ಕಿಲ್ಲ. ಹೊಸಾದು ತಗದು ಹಳೇದು ಹಾಕೀ ಏನು?"

"ಮಾವಾ, ಥಿನ್ನರ್ ಹಚ್ಚಿದ್ರ ಉಗುರುಬಣ್ಣ ಹೋಗತೈತಿ" ಎಂದು ನಾನು ಬಡಕೊಂಡೆ. "ಇದು ವಿಜ್ಞಾನ!"

"ಪೆಟ್ರೋಲಿನ್ಯಾಗೂ ನೀರಿಲ್ಲ ಅಂದಾಕಿ ನೀನ. ಸುಮ್ಕಿರು."

ಅರವತ್ತು ವರ್ಷದಿಂದ ಮಾವನ ಎಲ್ಲ ಸಂಶಯಗಳನ್ನೂ ನಗುತ್ತ ನುಂಗಿದವನು ಮಿಸ್ತ್ರಿ. ಅಂದು ನಗಲಿಲ್ಲ. ಪ್ಲಗ್ಗನ್ನು ಮಾವನ ಕೈಯಿಂದ ತೆಗೆದುಕೊಂಡು ಅದರ ಜಾಗದಲ್ಲಿ ಕೂಡಿಸಿ ಬಿಗಿ ಮಾಡಿದ. ನೀರಿಗೆ ಹೋಗಿ ಮೊಳಕೈವರೆಗೆ ಕೈ ತೊಳೆದುಕೊಂಡ. ಪಾನಾ ಮುಂತಾದ ಸಾಮಾನುಗಳನ್ನೆಲ್ಲ ಗೋಣಿಯಲ್ಲಿ ಸುತ್ತಿ ಬಗಲಲ್ಲಿ ಹಿಡಿದು ದಿಬ್ಬ ಹತ್ತಿ ಹೋಗಿಬಿಟ್ಟ.

"ನೋಡಿದಿ? ಉತ್ರಾ ಇಲ್ಲ" ಎಂದ ಮಾವ. ಆದರೆ ಆ ಮಾತಿನಲ್ಲಿ ಗೆದ್ದವನ ದನಿ ಇರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಮಾವನ ತೀರ್ಥಯಾತ್ರೆ! ಮಷೀನಿನ ಕಾರ್ಬುರೇಟರನ್ನು ಬಿಚ್ಚಿ, ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಸಿಂದಗಿಗೆ ಹೊರಟ. ಅಲ್ಲಿ ನನ್ನ ಗಂಡನ, ಅಂದರೆ ಆ ಮಗ್ಗಿಯ ಮಾಸ್ತರನ, ಪರಿಚಯದ ಮೋಟರ್‌ಸೈಕಲ್ ಮೆಕ್ಯಾನಿಕ್ ಅದನ್ನು ಬಿಚ್ಚಿ, ಊದಿ, ತೊಳೆದು, "ಏನೂ ತೊಂದ್ರಿ ಇಲ್ರಿ, ಸ್ವಚ್ಛ ಐತಿ" ಎಂದು ಹಾಗೆಯೇ ಕೊಟ್ಟ. ಕೆಲಸವೇನೂ ಇರಲಿಲ್ಲವೆಂದು ಕೂಲಿಯನ್ನೂ ಬೇಡವೆಂದ. ಅದೇ ಅವನು ಮಾಡಿದ ತಪ್ಪು. ಮಾವ ರಾತ್ರಿ ನನ್ನ ಗಂಡನಿಗೆ ಫೋನು ಹಚ್ಚಿ, "ಅಳಿಯಂದಿರ, ಅಂವಾ ರೊಕ್ಕ ತಗೊಳ್ಳಲಿಲ್ಲ. ಅಂದ ಮ್ಯಾಲೆ ಬ್ಯಾರೆ ಏನೋ ತಗೊಂಡಾನ!" ಎಂದ.

ಸಿಂದಗಿಯಿಂದ ಇಂಡಿಗೆ. ಅಲ್ಲಿ ಲಿಂಬೆ ತೋಟಗಳ ಪಂಪ್‌ಸೆಟ್ಟು ರಿಪೇರಿ ಮಾಡುವ ಒಬ್ಬ ಮುದುಕ ಇದ್ದ. ಮೊದಲು ಭೀಮಾ ನದಿಯಲ್ಲಿ ದೋಣಿ ನಡೆಸಿದವನಂತೆ. ಟವೆಲ್ಲಿನ ಗಂಟು ಬಿಚ್ಚಿದ್ದನ್ನು ನೋಡಿ ಅವನು ಕೇಳಿದ: "ಮಷೀನ್ ಎಲ್ರಿ?"

"ಊರಾಗ ಐತಿ. ತಂದ್ರ ನೀವು ಸಾಮಾನ ಬದಲ್ ಮಾಡಿದ್ರ?"

ಮುದುಕ ತಲೆ ಕೆರೆದುಕೊಂಡ. "ಹೊಟ್ಟಿನೋವು ಅಂತ ದವಾಖಾನಿಗೆ ಬಂದು, ಹೊಟ್ಟಿ ಮನ್ಯಾಗ ಐತಿ, ಹಲ್ಲಷ್ಟ ತಂದೇನಿ ಅಂದಂಗಾತು ಬಿಡ್ರಿ! ದೋಣ್ಯಾಗ ವಜ್ಜಿ ಇದ್ದಾಗಷ್ಟ ಹಿಂಗ ಮಾಡತೈತೇನು?"

"ಹೌದು. ಖಾಲಿ ಇದ್ದಾಗ ಸಾವಕಾಶ ಹೋಗತೈತಿ."

"ಹಂಗಾರ ವಜ್ಜಿ ಕಡೆ ನೋಡ್ರಿ."

ವಜ್ಜೆ ಎಂದರೆ ಭಾರ. ಮುದುಕ ಹೇಳಿದ್ದರಲ್ಲಿ ತಥ್ಯವಿತ್ತು. ಆದರೆ ಮಾವ ಅದನ್ನು ಅರ್ಥಮಾಡಿಕೊಂಡ ರೀತಿಯೇ ಬೇರೆ. ಯಾರೋ ಗುಟ್ಟಾಗಿ ದೋಣಿಯಲ್ಲಿ ಭಾರ ಹೇರುತ್ತಿದ್ದಾರೆ!

ಆ ವಾರವೇ ಆಚೆ ದಂಡೆಯಲ್ಲಿ ಮಗಳ ಕುಬಸ ಇತ್ತು. ಏಳು ತಿಂಗಳ ಬಸುರಿಗೆ ಹಸಿರು ಸೀರೆ, ಬಳೆ, ಐದು ಬಗೆಯ ಬುತ್ತಿ ಒಯ್ಯಬೇಕು. ಹೊರಟವರು ಅತ್ತೆ, ನಾನು, ಓಣಿಯ ಇಬ್ಬರು ಹೆಂಗಸರು. ಮುಳುಗಿದರೆ ಹಿಡಿದುಕೊಳ್ಳಲೆಂದು ಗಾಳಿ ತುಂಬಿದ ಐದು ಲಾರಿ ಟ್ಯೂಬುಗಳನ್ನು ಮಾವ ದೋಣಿಯಲ್ಲಿ ಹಾಕಿದ್ದ. ಅಷ್ಟರಮಟ್ಟಿಗೆ ಮಾವನ ಸಂಶಯ ಒಳ್ಳೆಯದೇ. ದಂಡೆಗೆ ಹೋಗಿ ನೋಡಿದರೆ ಚೀಲ ತೂಗುವ ತಕ್ಕಡಿ ತಂದು ನಿಲ್ಲಿಸಿದ್ದಾನೆ!

"ಒಬ್ಬೊಬ್ರ ಹತ್ತಿ ಇಳೀರಿ" ಎಂದ.

ಅತ್ತೆ ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಮೊದಲ ನೀವು ಹತ್ರಿ."

ಮಾವ ಹತ್ತಿದ. ನಮ್ಮೆಲ್ಲರಿಗಿಂತ ಅವನೇ ಭಾರ. ಇಳಿದವನೇ ತಕ್ಕಡಿಗೆ ಒಂದು ಒದೆ ಕೊಟ್ಟು, "ಇದರ ಕಲ್ಲು ಬರೋಬ್ಬರಿ ಇಲ್ಲ!" ಎಂದ. ಅಲ್ಲಿಗೆ ತೂಗುವ ಕಾರ್ಯಕ್ರಮ ಮುಗಿಯಿತು.

ಕಾರ್ಬುರೇಟರನ್ನು ಮಾವ ತಾನೇ ತಿರುಗಿ ಕೂಡಿಸಿದ್ದ; ದಂಡೆಯಿಂದ ಚೆನ್ನಾಗಿಯೇ ಹೊರಟೆವು. ಹೆಂಗಸರು ಸೋಬಾನೆ ಪದ ಶುರುಮಾಡಿದರು. ನಡುನೀರಿಗೆ ಬರುತ್ತಲೇ ಗಾಳಿ ಎದ್ದಿತು. ಹಿನ್ನೀರಿನಲ್ಲಿ ಮಧ್ಯಾಹ್ನದ ಗಾಳಿ ಹೇಳಿ ಕೇಳಿ ಬರುವುದಿಲ್ಲ; ನೋಡನೋಡುತ್ತ ನೀರು ಮುರಿದು ತೆರೆ ಏಳುತ್ತದೆ. ಬೇಗ ದಾಟಿಬಿಡೋಣವೆಂದು ಮಾವ ಮಷೀನಿಗೆ ಜೋರು ಕೊಟ್ಟ. ಅದು ಒದರಿತು. ದೋಣಿ ನಿಂತಿತು. ಮತ್ತೂ ಜೋರು ಕೊಟ್ಟ. ಅದು ಮತ್ತೂ ಒದರಿತು. ದೋಣಿ ಮುಂದೆ ಹೋಗುವ ಬದಲು ಗಾಳಿಗೆ ಅಡ್ಡ ತಿರುಗಿ, ಮುಳುಗಿದ ಜಾಲಿಮರಗಳ ಒಣ ಟೊಂಗೆಗಳು ಚುಚ್ಚಿಕೊಂಡು ನಿಂತಿದ್ದ ಕಡೆಗೆ ಸರಿಯತೊಡಗಿತು. ತೆರೆಯ ನೀರು ಒಳಗೆ ಹಾರಿ ಹಸಿರು ಸೀರೆಯ ಗಂಟು ತೊಯ್ದಿತು. ಸೋಬಾನೆ ಎಲ್ಲಿ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ.

"ಬುಟ್ಟ್ಯಾಗ ಎಷ್ಟ ಹೋಳಿಗಿ ತುಂಬೀದಿ?" ಎಂದು ಮಾವ ಅತ್ತೆಯ ಮೇಲೆ ಕೂಗಿದ.

"ಹೋಳಿಗಿ ಏನ್ ಮಷೀನಿನ ಕುತಿಗಿ ಹಿಸಕ್ಯಾವೇನ್ರಿ?"

ನಾನು ಈಗಲೂ ನಾಚಿಕೊಂಡು ಹೇಳಬೇಕಾದ ಮಾತೊಂದಿದೆ. ಆ ಟೊಂಗೆಗಳು ಹತ್ತಿರ ಬರುತ್ತಿರುವಾಗ ನನಗೂ ಒಂದು ಕ್ಷಣ ಅನಿಸಿತು: ಮಿಸ್ತ್ರಿ ಸಿಟ್ಟಿನಿಂದ ಏನಾದರೂ ಮಾಡಿಟ್ಟು ಹೋಗಿರಬಹುದೇ? ನಾನೇ ಥಿನ್ನರಿನ ವಿಜ್ಞಾನ ಹೇಳಿದವಳು! ಜಾಡ್ಯ ನನಗೂ ಅಂಟಿತ್ತು.

ಅತ್ತೆಗೆ ಮಾತ್ರ ಅಂಟಿರಲಿಲ್ಲ. ಸೊಂಟದ ಚೀಲದಿಂದ ಫೋನು ತೆಗೆದು ನೇರ ಮಿಸ್ತ್ರಿಗೇ ಹಚ್ಚಿದಳು. "ಅಣ್ಣಾ, ನಡುನೀರಾಗ ಅದೇವಿ. ಮಷೀನ್ ಒದರತೈತಿ, ದೋಣಿ ಹೋಗವಲ್ದು."

ಒಂದು ತಿಂಗಳಿಂದ ಮಾತು ಬಿಟ್ಟಿದ್ದ ಮನುಷ್ಯ ಏನು, ಯಾಕೆ ಎಂದು ಕೇಳಲಿಲ್ಲ. "ಫೋನ್ ಮಷೀನಿನ ಹತ್ರ ಹಿಡಿ ತಂಗಿ" ಎಂದ. ಅತ್ತೆ ಹಿಡಿದಳು. ಕೇಳಿದ. "ಈಗ ಜೋರು ಪೂರಾ ಇಳಸಂತ ಹೇಳು. ನಿಧಾನಕ್ಕ ಇಡು. ಈಗ ಹೋಗತೈತೇನು?"

ಮಾವನ ಕೈ ಇನ್ನೂ ಜೋರು ಕೊಡುವ ಹಿಡಿಕೆಯ ಮೇಲೆಯೇ ಬಿಗಿದಿತ್ತು. ಅತ್ತೆ ಆ ಕೈಯನ್ನು ಛಟ್ಟನೆ ಹೊಡೆದು ಇಳಿಸಿದಳು. ಮಷೀನಿನ ಕೂಗು ಗೊಣಗಾಟವಾಯಿತು. ದೋಣಿ, ಕೆರೆಯಿಂದ ಏಳುವ ಎಮ್ಮೆಯ ಹಾಗೆ, ಮೆಲ್ಲಗೆ ಮುಂದೆ ಸರಿಯಿತು!

"ಹೊಂಟೈತಿ ಅಣ್ಣಾ!"

"ಹಂಗಾರ ಪಂಖಾ ಹಿಡಿಯೂ ಪಿನ್ನು ಮುರಿದಿಲ್ಲ. ನೀರಾಗಿನ ಪಂಖಾದ ಒಳಗಿನ ರಬ್ಬರ್ ಜಾರಾಕತ್ತೈತಿ. ಜೋರು ಕೊಟ್ರ ಮಷೀನಷ್ಟ ತಿರಗತೈತಿ, ಪಂಖಾ ಹಿಂದ ಉಳೀತೈತಿ. ಸಾವಕಾಶ ಹೋಗ್ರಿ, ದಂಡಿ ಮುಟ್ಟಸತೈತಿ. ಮುಟ್ಟಿದ ಮ್ಯಾಲೆ ಒಂದ ಫೋನ್ ಮಾಡು."

ಹಾಗೇ ಗೊಣಗುತ್ತ, ತೊಯ್ಯುತ್ತ, ಟೊಂಗೆಗಳಿಂದ ನಾಲ್ಕು ಮಾರು ದೂರದಲ್ಲಿ ಹಾದು, ಅಂತೂ ಆಚೆ ದಂಡೆ ಸೇರಿದೆವು. ಬಸುರಿ ಮಗಳು ದಂಡೆಯ ಮೇಲೆ ನಿಂತು ಅಳುತ್ತಿದ್ದಳು. ಮಾವ ಇಳಿದವನೇ ಆಡಿದ ಮೊದಲ ಮಾತು ಏನು ಗೊತ್ತೆ?

"ಅಷ್ಟ ದೂರ ಕುಂತು ಅಂವಗ ಹೆಂಗ ಗೊತ್ತಾತು? ಅಂದ್ರ ಅಂವನ ಮಾಡಿರಬೇಕು!"

ಅತ್ತೆ ಅವನಿಗೆ ಆ ದಿನ ಹೋಳಿಗೆ ಬಡಿಸಲಿಲ್ಲ.

ಮರುದಿನ ರಸ್ತೆಯ ಮೇಲೆ ಸುತ್ತಿ ನಾವು ತಿರುಗಿ ಬಂದೆವು. ಮಾವ ಸಂಜೆ ಗಾಳಿ ನಿಂತ ಮೇಲೆ ದೋಣಿಯನ್ನು ಒಬ್ಬನೇ ನಿಧಾನವಾಗಿ ತಂದ. ದಂಡೆಯ ಕಲ್ಲಿನ ಮೇಲೆ ಮಿಸ್ತ್ರಿ ಬರಿಗೈಯಲ್ಲಿ ಕೂತಿದ್ದ. ಅತ್ತೆಯೇ ಕರೆಸಿದ್ದಳು. ಮಾವ ಹತ್ತಿರ ಬರುತ್ತಲೇ ಮಿಸ್ತ್ರಿ ಎದ್ದು ಅಂಗಿಯ ಎರಡೂ ಕಿಸೆಗಳನ್ನು ಹೊರಗೆ ತೆಗೆದು ತೋರಿಸಿದ. ಒಂದು ಬೀಡಿಯ ಕಟ್ಟು, ಕಡ್ಡಿಪೆಟ್ಟಿಗೆ ಬಿಟ್ಟರೆ ಬೇರೇನೂ ಇರಲಿಲ್ಲ.

"ನಾ ಮಷೀನ್ ಮುಟ್ಟಂಗಿಲ್ಲ. ಇಲ್ಲೇ ಕುಂತು ಹೇಳ್ತೇನಿ, ನೀನ ಮಾಡು. ನಿನ್ನ ಉಗುರುಬಣ್ಣ ತಾ."

ಮಾವನ ಕಣ್ಣು ಅರಳಿತು. ಅರವತ್ತು ವರ್ಷದಲ್ಲಿ ಮೊದಲ ಸಲ ಒಬ್ಬರು ಅವನ ವಿದ್ಯೆಯನ್ನು ಕೇಳಿದ್ದರು!

ಮಷೀನನ್ನು ಮೇಲಕ್ಕೆತ್ತಿ ನೋಡಿದೆವು. ಪಂಖಾದ ನಡುವೆ ಒಂದು ಹಿತ್ತಾಳೆಯ ಕೊಳವೆ, ಅದರ ಸುತ್ತ ಬಿಗಿಯಾಗಿ ಕೂತ ರಬ್ಬರು, ಅದರ ಹೊರಗೆ ರೆಕ್ಕೆಗಳು. ಮಷೀನು ಹಿತ್ತಾಳೆಯನ್ನು ತಿರುಗಿಸುತ್ತದೆ, ರಬ್ಬರಿನ ಹಿಡಿತದಿಂದ ರೆಕ್ಕೆಗಳೂ ತಿರುಗಬೇಕು. ಮಿಸ್ತ್ರಿ ಹೇಳಿದಂತೆ ಮಾವ ಹಿತ್ತಾಳೆಯಿಂದ ರೆಕ್ಕೆಯ ಬುಡದವರೆಗೆ ಒಂದೇ ನೇರ ಗೀಟು ಎಳೆದು ಒಣಗಿಸಿದ. ದೋಣಿಯನ್ನು ಹಗ್ಗದಿಂದ ದಂಡೆಯ ಬೇವಿನ ಮರಕ್ಕೆ ಕಟ್ಟಿ, ಮಷೀನು ಇಳಿಸಿ, ಪೂರಾ ಜೋರು ಕೊಟ್ಟ. ಹಗ್ಗ ಬಿಗಿಯಿತು, ಮಷೀನು ಒದರಿತು. ಆರಿಸಿ, ಎತ್ತಿ ನೋಡಿದರೆ ಗೀಟು ಎರಡು ತುಂಡು! ಹಿತ್ತಾಳೆಯ ಮೇಲಿನ ತುಂಡು ಒಂದು ದಿಕ್ಕಿಗೆ, ರೆಕ್ಕೆಯ ಮೇಲಿನ ತುಂಡು ಇನ್ನೊಂದು ದಿಕ್ಕಿಗೆ.

ಮಾವ ಎರಡೂ ತುಂಡುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ.

"ರಬ್ಬರಿಗೆ ವಯಸ್ಸಾಗೈತಿ" ಎಂದ ಮಿಸ್ತ್ರಿ ಕಲ್ಲಿನ ಮೇಲಿಂದಲೇ. "ಯಾರೂ ಏನೂ ಮಾಡಿಲ್ಲ. ಅದರಷ್ಟಕ್ಕ ಅದು ಹಿಡಿತ ಬಿಟ್ಟೈತಿ."

ಪೆಟ್ರೋಲ್ ಪಂಪು, ಸರಕಾರಿ ಬಸ್ಸು, ಹೆಡ್‌ಮಾಸ್ತರರು, ಸಿಂದಗಿ, ಇಂಡಿ, ತಕ್ಕಡಿ, ಹೋಳಿಗೆ, ಎಲ್ಲರೂ ನಿರಪರಾಧಿಗಳು! ನಾನು ಮಾವನ ಬಾಯಿಂದ ತಪ್ಪಾಯಿತು ಎಂಬ ಮಾತು ಕೇಳಲು ಕಾದೆ. ನಿಮಗೂ ಅದೇ ಆಸೆಯಿದ್ದರೆ ಬಿಟ್ಟುಬಿಡಿ. ಮಾವ ಗಂಟಲು ಸರಿಮಾಡಿಕೊಂಡು ಅಂದದ್ದು ಇಷ್ಟೇ: "ಚಾ ಕುಡೀತಿ?"

"ಚಾದಾಗ ಏನರೆ ಹಾಕೀರೇನು?" ಎಂದ ಮಿಸ್ತ್ರಿ. ಅತ್ತೆ ಬಿದ್ದುಬಿದ್ದು ನಕ್ಕಳು.

ಮಿಸ್ತ್ರಿ ಪಂಖಾವನ್ನು ಮುದ್ದೇಬಿಹಾಳದ ಒಂದು ಲೇಥ್ ಅಂಗಡಿಗೆ ಒಯ್ದು ಹೊಸ ರಬ್ಬರು ಒತ್ತಿಸಿಕೊಂಡು ಬಂದ. ಮುಂದಿನ ರವಿವಾರ ಮುಂಜಾನೆ ಪರೀಕ್ಷೆ. "ವಜ್ಜಿಗೆ ಒಬ್ರು ಬೇಕು" ಎಂದು ಮಾವ ನನ್ನ ಕಡೆ ನೋಡಿದ. ಅವಮಾನವನ್ನು ನುಂಗಿಕೊಂಡು ಹತ್ತಿದೆ. ನಾವು ಮೂವರು, ಜೊತೆಗೆ ನಾಲ್ಕು ಚೀಲ ಮಣ್ಣು. ಮಾವ ಜೋರು ಕೊಟ್ಟ. ದೋಣಿಯ ಮೂಗು ಮೇಲೆದ್ದಿತು, ನೀರು ಎರಡೂ ಕಡೆ ಸೀಳಿಕೊಂಡು ಹೋಯಿತು. ಏನು ಓಟ! ಮಿಸ್ತ್ರಿಯ ಬಿಳಿ ಗಡ್ಡ ಗಾಳಿಗೆ ಹಾರಾಡುತ್ತಿತ್ತು.

ನಡುನೀರು ಬಂದಾಗ ಮಿಸ್ತ್ರಿ ಮಾವನ ಕಡೆ ತಿರುಗದೆ, ನೀರನ್ನೇ ನೋಡುತ್ತ ಹೇಳಿದ: "ಒಂದ ಮಾತ ಕೇಳಲೇನೋ? ನಮ್ಮಪ್ಪ ಇರೂ ಜಾಗಾಕ್ಕ ಒಮ್ಮೆ ಕರಕೊಂಡು ಹೋಗ್ತಿ?"

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಳೇ ಊರಿನ ಖಬರಸ್ತಾನ ಹೊಳೆಯ ದಂಡೆಯ ತಗ್ಗಿನಲ್ಲಿತ್ತಂತೆ. ಬೇಸಿಗೆಯಲ್ಲಿ ನೀರು ಇಳಿದರೂ ಅದು ಹೊರಗೆ ಬರುವುದಿಲ್ಲ. ಮಿಸ್ತ್ರಿಯ ಅಪ್ಪನನ್ನು ಮಣ್ಣು ಮಾಡಿದ್ದು ಅಲ್ಲಿ. ಇಷ್ಟು ವರ್ಷ ಅವನು ದಂಡೆಯ ಮೇಲೆ ನಿಂತು ಇಡೀ ನೀರಿಗೇ ದುವಾ ಮಾಡಿ ತಿರುಗುತ್ತಿದ್ದ.

"ದೋಣಿ ಬಂದು ಮೂರ ವರ್ಷ ಆತು" ಎಂದೆ ನಾನು. "ಮೊದಲ ಯಾಕ ಕೇಳಲಿಲ್ರಿ?"

"ಕೇಳಬೇಕಂತ ಬಾಳ ಸಲ ಬಾಯಿಗೆ ಬಂದಿತ್ತವ್ವಾ. ಕೇಳಿದ್ರ ಯಾಕ ಏನು ಅಂತ ನೂರಾ ಎಂಟ ಪ್ರಶ್ನಿ ಕೇಳ್ತಾನ. ಅಪ್ಪನ ವಿಷ್ಯಾದಾಗ ಅದಕ್ಕ ಉತ್ರಾ ಕೊಡ್ಲಾಕ ನನ್ನಿಂದ ಆಗೂದಿಲ್ಲ ಅಂತ ಬಿಟ್ಟೆ."

ಮಾವ ಯಾಕೆ ಎಂದು ಕೇಳಲಿಲ್ಲ. ಏನು ಎಂದೂ ಕೇಳಲಿಲ್ಲ. ದೋಣಿಯನ್ನು ಎಡಕ್ಕೆ ತಿರುಗಿಸಿದ. ಒಂದಷ್ಟು ದೂರ ಹೋಗಿ, ಜೋರು ಇಳಿಸಿ, ಕುತ್ತಿಗೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿ, ಒಂದೆರಡು ಮಾರು ಮುಂದೆ ಹೋಗಿ, ಮಷೀನು ಆರಿಸಿದ. "ಇಲ್ಲೇ" ಎಂದ.

ಸುತ್ತಲೂ ನೀರು, ನೀರಿನ ಮೇಲೆ ಬಿಸಿಲು. ಒಂದು ಕಡ್ಡಿಯ ಗುರುತೂ ಇಲ್ಲ. ಸಂಶಯ ಯಾರಿಗೆ ಬಂತು ಎನ್ನುತ್ತೀರಿ? ನನಗೇ!

"ಇಲ್ಲೇ ಅಂತ ಹೆಂಗ ಹೇಳ್ತಿ ಮಾವಾ?"

ಮಾವ ನನ್ನ ಕಡೆ ನೋಡಲಿಲ್ಲ. "ಆ ಗುಡ್ಡದ ಮೂಗು ನೋಡು. ಈ ಕಡೆ ನೀರಿನ ಟಾಕಿ ಕಟ್ಟಿದ ದಿಬ್ಬ ನೋಡು. ಅವೆರಡರ ನಡುವಿನ ಗೀಟಿನ ಮ್ಯಾಲೆ, ಹಳೇ ಹೊಳಿ ತಿರವಿಗೆ ಎದುರಾಗಿ. ಇವ್ರಪ್ಪಗ ಹೆಗಲು ಕೊಟ್ಟ ನಾಲ್ಕ ಮಂದ್ಯಾಗ ನಾನೂ ಒಬ್ಬ. ನೀರ ಬರೂ ಮೊದಲ ಒಂದಿನ ಬಂದು, ಇಲ್ಲೇ ನಿಂತು, ನೋಡಿ ಇಟಗೊಂಡೇನಿ." ದೋಣಿಯೊಳಗಿನ ಹುಟ್ಟನ್ನು ಹತ್ತಿರ ಎಳೆದುಕೊಂಡು ಹೇಳಿದ: "ಇಂವಾ ಎಂದಾರ ಒಂದಿನ ಕೇಳ್ತಾನಂತ ಗೊತ್ತಿತ್ತು."

ಮಿಸ್ತ್ರಿ ಪರೀಕ್ಷಿಸಲಿಲ್ಲ, ಗುಡ್ಡದ ಕಡೆ ತಿರುಗಿ ನೋಡಲೂ ಇಲ್ಲ. ಟೊಪ್ಪಿಗೆ ಸರಿಮಾಡಿಕೊಂಡು, ದೋಣಿಯ ಅಂಚಿಗೆ ಸರಿದು ಕುಳಿತು, ಎರಡೂ ಅಂಗೈಗಳನ್ನು ನೀರಿನ ಮೇಲೆ ತೆರೆದ.

ಗಾಳಿ ದೋಣಿಯನ್ನು ಎಳೆಯುತ್ತಿತ್ತು. ಮಾವ ತಲೆಯ ರುಮಾಲು ತೆಗೆದು ನನ್ನ ಮಡಿಲಲ್ಲಿ ಹಾಕಿ, ಸದ್ದಾಗದಂತೆ ಹುಟ್ಟನ್ನು ನೀರಿಗಿಳಿಸಿದ. ಎಡಕ್ಕೊಂದು, ಬಲಕ್ಕೊಂದು, ಸಣ್ಣ ಸಣ್ಣ ಒತ್ತು. ಅರವತ್ತೆಂಟರ ಮುದುಕನ ತೋಳಿನ ನರಗಳು ಉಬ್ಬಿದ್ದವು, ಬೆವರು ಕಣ್ಣಿಗಿಳಿಯುತ್ತಿತ್ತು. ಮಿಸ್ತ್ರಿ ಕೈಗಳಿಂದ ಮುಖ ಸವರಿಕೊಂಡು ಕೆಳಗಿಳಿಸುವವರೆಗೂ ದೋಣಿ ಆ ಜಾಗದಿಂದ ಒಂದು ಮೊಳವೂ ಕದಲಲಿಲ್ಲ.